ಊರಿಂದ ಬಂದ ಜೋಳಕ್ಕೆ ಬೂಷ್ಟು ಹಿಡಿದಿದೆ, ತೊಳೆದು ಒಣಗಿಸಿ ಬೀಸಿಸಬಹುದಾ?

ಮಾಲದಂಡಿ, ಡೊಂಬಿವಲಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಮ್ಮೂರು ಇಂಡಿ ತಾಲೂಕಿನಲ್ಲಿದೆ. ಪ್ರತಿ ವರ್ಷ ಏಪ್ರಿಲ್‌ನಲ್ಲಿ ಅವ್ವ 50 ಕೆಜಿ ಮಾಲದಂಡಿ ಜೋಳ ಬಸ್ಸಿಗೆ ಹಾಕಿ ಕಳಿಸುತ್ತಾಳೆ. ಈ ಸಲ ಮೊದಲು ಡಬ್ಬಿಯಲ್ಲಿದ್ದ ಹಳೇ ಜೋಳ ಮುಗಿಸೋಣ ಅಂತ ಹೊಸ ಚೀಲವನ್ನು ಹಾಗೇ ದಿವಾನ್ ಕೆಳಗೆ ತಳ್ಳಿದ್ದೆವು. ಪ್ಲಾಸ್ಟಿಕ್ ಗೋಣಿ, ಹೊರಗಡೆ ಗೋಡೆಗೆ ಒತ್ತಿಕೊಂಡೇ ಇತ್ತು. ಮಳೆಗಾಲದಲ್ಲಿ ಆ ಗೋಡೆಗೆ ಕೈ ಇಟ್ಟರೆ ತಣ್ಣಗೆ ಹತ್ತುತ್ತೆ, ಬಣ್ಣವೂ ಉದುರುತ್ತೆ. ಅದು ಗೊತ್ತಿದ್ದೂ ಇಟ್ಟಿದ್ದೆವು, ಅದು ನಮ್ಮದೇ ತಪ್ಪು.

ಮೊನ್ನೆ ಭಾನುವಾರ ಚೀಲ ಬಿಚ್ಚಿದೆ. ಮೇಲಿನ ಜೋಳ ಚೆನ್ನಾಗಿಯೇ ಕಾಣುತ್ತಿತ್ತು, ಬೆಳ್ಳಗೆ, ಮುತ್ತಿನ ಹಾಗೆ. ಆದರೆ ಮುಚ್ಚಿಟ್ಟ ಹಳೇ ಮನೆಯ ವಾಸನೆ. ಕೈ ಒಳಗೆ ಹಾಕಿದೆ. ಗೋಡೆ ಕಡೆಯ ಮೂಲೆಯಲ್ಲಿ ಒಂದು ಉಂಡೆ ಸಿಕ್ಕಿತು. ಚೀಲದ ಮೂಲೆಯ ಆಕಾರಕ್ಕೇ ಗಟ್ಟಿಯಾಗಿತ್ತು, ತೆಂಗಿನಕಾಯಿಯಷ್ಟು ದೊಡ್ಡದು. ಒಡೆದರೆ ಒಳಗೆ ಬೆಚ್ಚಗಿತ್ತು! ಹಸಿರು ಹಳದಿ ಪುಡಿ ಎದ್ದು ಮೂಗಿಗೆ ಹೋಗಿ ಹತ್ತು ಸಲ ಸೀನಿದೆ. ನುಸಿಗಳಂತೂ ಕೈ ಮೇಲೆ ಹತ್ತಿದವು.

ಈಗ ಮನೆಯಲ್ಲಿ ಮೂರು ಪಕ್ಷ. ಅತ್ತೆ ಹೇಳುವುದು, ಬೂಷ್ಟಿನ ಉಂಡೆ ತೆಗೆದು ಉಳಿದದ್ದನ್ನು ತೊಳೆದು ಬಿಸಿಲಿಗೆ ಹಾಕಿ ಗಿರಣಿಗೆ ಕೊಡು, ರೊಟ್ಟಿ ಬೆಂಕಿ ಮೇಲೆ ಬೇಯುತ್ತೆ, ಏನೂ ಉಳಿಯಲ್ಲ ಅಂತ. (ಬಿಸಿಲು ಎಲ್ಲಿಂದ ತರೋದು ಅಂತ ನಾನು ಕೇಳಲಿಲ್ಲ.) ಹೆಂಡತಿ ಪೂರ್ತಿ ಎಸಿ ಅನ್ನುತ್ತಾಳೆ. ನನಗೆ ಎಸೆಯಲು ಮನಸ್ಸಿಲ್ಲ, ತಿನ್ನಲು ಧೈರ್ಯ ಇಲ್ಲ. ಹತ್ತಿರದ ತಬೇಲಾದ ಎಮ್ಮೆಗಳಿಗೆ ಕೊಡೋಣ, ಇಲ್ಲ ಪಾರಿವಾಳಗಳಿಗೆ ಹಾಕೋಣ, ಪುಣ್ಯವಾದರೂ ಬರಲಿ ಅಂದುಕೊಂಡಿದ್ದೇನೆ. ಮೂರು ಸಾವಿರ ರೂಪಾಯಿ ಮಾಲು ರೀ. ಅದಕ್ಕಿಂತ ಜಾಸ್ತಿ, ಅವ್ವ ಒಂದೊಂದು ಮೊರ ಹಸನು ಮಾಡಿ ಕಳಿಸಿದ್ದು.

ಗೊತ್ತಿರುವವರು ಹೇಳಿ. ಮನೆಯಲ್ಲಿ 4 ವರ್ಷದ ಮಗು ಇದೆ.

ಹಗೇವು, ಪಿಂಪ್ರಿ

ಇಷ್ಟಕ್ಕೆಲ್ಲ ಹೆದರಬೇಡಿ ಸರ್. ನಮ್ಮಜ್ಜ ಹಗೇವಿನ (ನೆಲದೊಳಗಿನ ಕಣಜದ) ಜೋಳ ತಿಂದೇ 88 ವರ್ಷ ಬದುಕಿದ. ಹಗೇವಿನಿಂದ ತೆಗೆದ ಜೋಳ ಅಂದರೆ ವಾಸನೆ ಇದ್ದೇ ಇರುತ್ತಿತ್ತು, ಬಣ್ಣ ಕೂಡ ಕೆಂಪಗೆ ಆಗಿರುತ್ತಿತ್ತು. ತೊಳೆದು ಒಣಗಿಸಿ ತಿಂದರು, ಮುಗೀತು. ಈಗಿನವರಿಗೆ ಎಲ್ಲದರಲ್ಲೂ ವಿಷ ಕಾಣುತ್ತೆ.

ಮುಂದಿನ ಸಲ ಚೀಲದೊಳಗೆ ಆ ಗುಳಿಗೆ ಹಾಕಿಡಿ, ಊರಲ್ಲಿ ಗೋದಾಮಿನವರು ಹಾಕುತ್ತಾರಲ್ಲ, ಒಂದು ಹುಳ ಉಳಿಯಲ್ಲ.

ತೇವಾಂಶ, ವಾಶಿ

ಮೊದಲು ಗುಳಿಗೆ ಮಾತು. ಹಗೇವು ಸರ್, ದಯವಿಟ್ಟು ಆ ಸಲಹೆ ಯಾರಿಗೂ ಕೊಡಬೇಡಿ. ಅದು ಅಲ್ಯುಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಅನ್ನುವ ಅನಿಲ ಬಿಡುತ್ತೆ. ಗೋದಾಮಿನಲ್ಲಿ ತರಬೇತಿ ಆದವರು ತಾಡಪತ್ರಿ ಮುಚ್ಚಿ, ಜನರನ್ನು ದೂರ ಇಟ್ಟು ಬಳಸುವ ವಸ್ತು ಅದು. ಜನ ಮಲಗುವ ದಿವಾನ್ ಕೆಳಗೆ ಅದನ್ನು ಇಟ್ಟರೆ ಹುಳಕ್ಕಿಂತ ಮೊದಲು ಮನೆಯವರು ಸಾಯುತ್ತಾರೆ. ನಿಜವಾಗಿ ಸತ್ತಿದ್ದಾರೆ.

ಈಗ ಮಾಲದಂಡಿಯವರ ಪ್ರಶ್ನೆ. ನಾನು ಸುಮಾರು 11 ವರ್ಷ ಆಹಾರ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡಿದ್ದೇನೆ, ಧಾನ್ಯ, ಶೇಂಗಾ, ಮೆಣಸಿನಕಾಯಿ ಇವೇ ನನ್ನ ಮೇಜಿಗೆ ಬರುತ್ತಿದ್ದವು. ನೇರವಾಗಿ ಹೇಳುತ್ತೇನೆ, ನಿಮ್ಮ ಹೆಂಡತಿ ಹೇಳಿದ್ದು ಸರಿ.

ಬೂಷ್ಟು ಬೇರೆ, ಬೂಷ್ಟಿನ ವಿಷ ಬೇರೆ. ಎಲ್ಲರೂ ತಪ್ಪುವುದು ಇಲ್ಲೇ. ಬೂಷ್ಟು ಒಂದು ಜೀವ. ಬಿಸಿಲಿಗೆ ಒಣಗುತ್ತೆ, ಬೆಂಕಿಗೆ ಸಾಯುತ್ತೆ, ತೊಳೆದರೆ ಹೋಗುತ್ತೆ. ಆದರೆ ಅದು ಬದುಕಿದ್ದಾಗ ಕಾಳಿನೊಳಗೆ ಏನು ಬಿಟ್ಟಿತೋ ಅದು ಜೀವ ಅಲ್ಲ, ಸಾಯಲು. ಹಸಿರು ಹಳದಿ ಬೂಷ್ಟಿನಲ್ಲಿ ನಮಗೆ ಮುಖ್ಯವಾಗಿ ಭಯ ಇರುವುದು ಆಸ್ಪರ್ಜಿಲಸ್ ಫ್ಲೇವಸ್ ಅನ್ನುವುದರದ್ದು. ಅದು ಬಿಡುವ ವಿಷ ಅಫ್ಲಾಟಾಕ್ಸಿನ್. ಹೆಸರಿನಲ್ಲೇ ಇದೆ ನೋಡಿ, ಆಸ್ಪರ್ಜಿಲಸ್‌ನ ಅ, ಫ್ಲೇವಸ್‌ನ ಫ್ಲಾ. ಒಣ ಸ್ಥಿತಿಯಲ್ಲಿ ಈ ವಿಷ ಒಡೆಯಬೇಕಾದರೆ ಸುಮಾರು 240 ಡಿಗ್ರಿ ಮೇಲೆ ಶಾಖ ಬೇಕು. ಹಂಚು ಎಷ್ಟೇ ಕಾಯಲಿ, ರೊಟ್ಟಿಯ ಒಳಗೆ ನೀರು ಇರುವವರೆಗೆ ಅದು 100 ಡಿಗ್ರಿ ಆಸುಪಾಸಿನಲ್ಲೇ ನಿಲ್ಲುತ್ತೆ. ಕುಕ್ಕರ್ 120 ಮುಟ್ಟುತ್ತೆ. ಸ್ವಲ್ಪ ಕಡಿಮೆ ಆಗುತ್ತೆ ನಿಜ, ಆದರೆ ಸ್ವಲ್ಪವೇ. ಅತ್ತೆಯವರಿಗೆ ಬೇಕಾದರೆ ಇದನ್ನೇ ಓದಿ ಹೇಳಿ, ನನ್ನ ಹೆಸರಲ್ಲಿ ಬೈಸಿಕೊಳ್ಳಿ, ಪರವಾಗಿಲ್ಲ.

ಇನ್ನು ಉಂಡೆ ತೆಗೆದು ಉಳಿದದ್ದು ತಿನ್ನೋಣ ಅನ್ನುವುದು. ವಿಷ ಇಡೀ ಚೀಲಕ್ಕೆ ಸಮನಾಗಿ ಹರಡಿರುವುದಿಲ್ಲ, ಕೆಲವೇ ಕಾಳುಗಳಲ್ಲಿ ಗುಡ್ಡೆ ಹಾಕಿಕೊಂಡಿರುತ್ತೆ. ಒಂದು ಹಿಡಿಯಲ್ಲಿ ಸೊನ್ನೆ, ಪಕ್ಕದ ಹಿಡಿಯಲ್ಲಿ ಮಿತಿಗಿಂತ ನೂರು ಪಟ್ಟು, ಹೀಗೂ ನೋಡಿದ್ದೇನೆ. ಅದಕ್ಕೇ ಲ್ಯಾಬಿಗೆ ಒಂದು ಲೋಟ ಜೋಳ ತಂದು "ಚೆಕ್ ಮಾಡಿ" ಅಂದರೆ ನಮಗೆ ನಗು ಬರುತ್ತಿತ್ತು. ಚೀಲದ ಹತ್ತಾರು ಕಡೆ ತೂತು ಹೊಡೆದು, ಕೆಜಿಗಟ್ಟಲೆ ತೆಗೆದು, ಎಲ್ಲವನ್ನೂ ನುಣ್ಣಗೆ ಬೀಸಿ, ಕಲಸಿ, ಅದರಿಂದ ಒಂದಿಷ್ಟು ತೆಗೆದರೆ ಮಾತ್ರ ಉತ್ತರಕ್ಕೆ ಅರ್ಥ. ಉಂಡೆಯಿಂದ ಬಿಡಿಸಿಕೊಂಡು ಚೆಲ್ಲಿದ ಕಾಳು ಆಗಲೇ ಚೀಲದ ತುಂಬ ಹೋಗಿರುತ್ತೆ. ನೀವೇ ಕೈ ಹಾಕಿ ಕಲಸಿದ್ದೀರಲ್ಲ.

ಎಷ್ಟು ಇದ್ದರೆ ಹೆಚ್ಚು ಅಂತ ಕೇಳಬಹುದು. ನಮ್ಮ ದೇಶದ ಆಹಾರ ಸುರಕ್ಷತೆ ನಿಯಮದಲ್ಲಿ ಧಾನ್ಯಕ್ಕೆ ಮಿತಿ ಕೆಜಿಗೆ 15 ಮೈಕ್ರೋಗ್ರಾಂ. ಲೆಕ್ಕ ಹೀಗೆ ಹಾಕಿ, 1000 ಟನ್ ಜೋಳದಲ್ಲಿ 15 ಗ್ರಾಂ. ಮೂರು ನಾಲ್ಕು ಚಮಚ ಸಕ್ಕರೆಯಷ್ಟು. ಅದಕ್ಕೆ ರುಚಿ ಇಲ್ಲ, ವಾಸನೆ ಇಲ್ಲ. ನಿಮಗೆ ಬಂದ ವಾಸನೆ ಬೂಷ್ಟಿನದ್ದು, ವಿಷದ್ದಲ್ಲ.

ಒಂದು ಸಮಾಧಾನವೂ ಹೇಳುತ್ತೇನೆ, ಸುಮ್ನೆ ಹೆದರಿಸಬಾರದು. ಎಲ್ಲ ಬೂಷ್ಟೂ ಈ ವಿಷ ಮಾಡುವುದಿಲ್ಲ. ಫ್ಲೇವಸ್‌ನಲ್ಲೇ ವಿಷ ಮಾಡದ ತಳಿಗಳೂ ಇವೆ. ಜೋಳಕ್ಕೆ ಗೋವಿನಜೋಳ, ಶೇಂಗಾಕ್ಕಿಂತ ಅಫ್ಲಾಟಾಕ್ಸಿನ್ ಕಡಿಮೆ ಹಿಡಿಯುತ್ತೆ. ಈವರೆಗೆ ಒಂದೆರಡು ರೊಟ್ಟಿ ತಿಂದಿದ್ದರೂ ಏನೂ ಆಗುವುದಿಲ್ಲ. ಆದರೆ ಕಣ್ಣಿಂದ ಯಾವುದು ಯಾವುದು ಅಂತ ಹೇಳಲು ಸಾಧ್ಯವಿಲ್ಲ, 4 ವರ್ಷದ ಮಗುವಿನ ತಟ್ಟೆ ಜೂಜಾಡುವ ಜಾಗ ಅಲ್ಲ.

ಎಮ್ಮೆ, ಪಾರಿವಾಳದ ವಿಷಯ ಆಮೇಲೆ ಬರೆಯುತ್ತೇನೆ, ಊಟಕ್ಕೆ ಕರೆಯುತ್ತಿದ್ದಾರೆ. ಅಲ್ಲಿಯವರೆಗೆ ಯಾರಿಗೂ ಹಾಕಬೇಡಿ.

ಕೊಥ್ರೂಡ್ ಅತ್ತಿಗೆ

ಅಯ್ಯೋ ಗಿರಣಿಗಂತೂ ಕೊಡಲೇಬೇಡಿ ತಮ್ಮ. ಗಿರಣಿಯಲ್ಲಿ ನಮ್ಮ ಹಿಟ್ಟಿನ ಮೊದಲ ಅರ್ಧ ಕೆಜಿ ಯಾವಾಗಲೂ ಹಿಂದಿನವರದ್ದು. ನನ್ನ ಜೋಳದ ಹಿಟ್ಟಲ್ಲಿ ಎಷ್ಟು ಸಲ ಬೇಸನ್ ಬಂದಿದೆ! ನಿಮ್ಮ ಬೂಷ್ಟು ನಿಮ್ಮ ಹಿಂದೆ ಡಬ್ಬಿ ಇಟ್ಟುಕೊಂಡು ನಿಂತ ಪಾಪದವರ ಮನೆಗೆ ಹೋಗುತ್ತೆ.

ತೇವಾಂಶ, ವಾಶಿ

ಅತ್ತಿಗೆ, ಇದು ನನಗೇ ಹೊಳೆದಿರಲಿಲ್ಲ. ನೂರಕ್ಕೆ ನೂರು ಸರಿ.

ಪಾರಿವಾಳ. ಅಫ್ಲಾಟಾಕ್ಸಿನ್ ಅನ್ನುವುದೊಂದು ಇದೆ ಅಂತ ಜಗತ್ತಿಗೆ ಗೊತ್ತಾದದ್ದೇ ಹಕ್ಕಿಗಳಿಂದ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಟರ್ಕಿ ಕೋಳಿಗಳು ಕೆಲವೇ ತಿಂಗಳಲ್ಲಿ ಸತ್ತವು. ಯಾವ ರೋಗ ಅಂತ ತಿಳಿಯದೆ ಟರ್ಕಿ ಎಕ್ಸ್ ಅಂತ ಕರೆದರು. ಕೊನೆಗೆ ಹುಡುಕಿದರೆ ಬ್ರೆಜಿಲ್‌ನಿಂದ ಬಂದ ಶೇಂಗಾ ಹಿಂಡಿಯಲ್ಲಿ ಈ ಬೂಷ್ಟು. ಅಂದರೆ ನೀವು ಪುಣ್ಯಕ್ಕೆ ಹಾಕುವುದು ಅವಕ್ಕೆ ಪಾಪವೇ.

ಎಮ್ಮೆ ಇನ್ನೂ ಕೆಟ್ಟದ್ದು, ಯಾಕೆಂದರೆ ಅದು ನಮ್ಮ ಮನೆಗೇ ವಾಪಸ್ ಬರುತ್ತೆ. ಎಮ್ಮೆ ತಿಂದ ಅಫ್ಲಾಟಾಕ್ಸಿನ್ ಬಿ1 (ಈ ವಿಷದ ಒಂದು ಬಗೆ) ಅದರ ಲಿವರ್‌ನಲ್ಲಿ ಎಂ1 ಅನ್ನುವ ಇನ್ನೊಂದು ಬಗೆಯಾಗಿ ಬದಲಾಗಿ ಹಾಲಿಗೆ ಇಳಿಯುತ್ತೆ. ಒಂದು ದಿನದೊಳಗೇ ಹಾಲಿನಲ್ಲಿ ಕಾಣಿಸುತ್ತೆ. ತಿಂದದ್ದರಲ್ಲಿ ನೂರಕ್ಕೆ ಒಂದೆರಡು ಪಾಲು, ಹೆಚ್ಚು ಹಾಲು ಕೊಡುವ ದನದಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಮೇವು ನಿಲ್ಲಿಸಿದರೆ ಮೂರು ನಾಲ್ಕು ದಿನದಲ್ಲಿ ಹೋಗುತ್ತೆ ಅನ್ನುವುದೇ ಪುಣ್ಯ. ಹಾಲು ಕಾಯಿಸಿದರೆ ಹೋಗುವುದಿಲ್ಲ. ಹಾಲಿಗೆ ಮಿತಿ ಇರುವುದು ಕೆಜಿಗೆ ಅರ್ಧ ಮೈಕ್ರೋಗ್ರಾಂ, ಧಾನ್ಯದ ಮಿತಿಗೆ ಹೋಲಿಸಿ ನೋಡಿ. ಹಾಲು ಕುಡಿಯುವುದು ಮಕ್ಕಳು ಅಂತಲೇ ಅಷ್ಟು ಬಿಗಿ. ನಮ್ಮ ಕಡೆ ಬೂಷ್ಟು ಹಿಡಿದದ್ದೆಲ್ಲ ದನಕ್ಕೆ ಅನ್ನುವ ರೂಢಿ ಇದೆಯಲ್ಲ, ಅದು ಒಂದು ಸುತ್ತು ಹಾಕಿ ಮಗುವಿನ ಲೋಟಕ್ಕೆ ಬರುವ ರೂಢಿ.

ಹಗೇವು, ಪಿಂಪ್ರಿ

ಗುಳಿಗೆ ಬಗ್ಗೆ ಗೊತ್ತಿರಲಿಲ್ಲ, ತಪ್ಪಾಯಿತು. ಆದರೆ ಅಜ್ಜನ ಮಾತಿಗೆ ಉತ್ತರ ಬರಲಿಲ್ಲ. ಇಡೀ ಊರು ಹಗೇವಿನ ಜೋಳ ತಿಂದಿತ್ತು, ಯಾರು ಸತ್ತರು? ನಮ್ಮ ದೇಶದಲ್ಲಿ ಈ ಬೂಷ್ಟಿಂದ ಸತ್ತವರು ಇದ್ದಾರಾ, ಇಲ್ಲ ಎಲ್ಲ ಇಂಗ್ಲೆಂಡಿನ ಕೋಳಿ ಕಥೆಯಾ?

ತೇವಾಂಶ, ವಾಶಿ

ಇದ್ದಾರೆ ಸರ್. 1974ರ ಅಕ್ಟೋಬರ್‌ನಲ್ಲಿ ರಾಜಸ್ಥಾನದ ಬಾಂಸ್ವಾಡಾ, ಗುಜರಾತಿನ ಪಂಚಮಹಲ್ ಕಡೆ. ಗೋವಿನಜೋಳ ಕೊಯ್ಲಿನ ಹೊತ್ತಿಗೆ ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಬಂತು. ತೆನೆ ನೆನೆಯಿತು, ಒಣಗಲಿಲ್ಲ, ಹಾಗೇ ಮನೆಯೊಳಗೆ ತುಂಬಿದರು. ಬಡ ಭಿಲ್ಲರ ಹಳ್ಳಿಗಳು, ಬೇರೆ ಧಾನ್ಯ ಕೊಳ್ಳಲು ದುಡ್ಡಿಲ್ಲ. ಬೂಷ್ಟು ಕಂಡರೂ ಅದನ್ನೇ ತಿಂದರು. ಕಾಮಾಲೆ, ಹೊಟ್ಟೆಯಲ್ಲಿ ನೀರು ತುಂಬುವುದು. 397 ಜನರಿಗೆ ಕಾಯಿಲೆ, 106 ಸಾವು. ಅದೇ ರೊಟ್ಟಿ ತಿಂದ ಮನೆಯ ನಾಯಿಗಳಿಗೂ ಅದೇ ಕಾಯಿಲೆ. ಇದು ಅಂಟುಜಾಡ್ಯ ಅಲ್ಲ, ತಟ್ಟೆಯಲ್ಲೇ ಏನೋ ಇದೆ ಅನ್ನುವ ಸುಳಿವು ಸಿಕ್ಕಿದ್ದರಲ್ಲಿ ನಾಯಿಗಳ ಪಾಲೂ ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಹೋಗಿ ಗೋವಿನಜೋಳದಲ್ಲಿ ಅಫ್ಲಾಟಾಕ್ಸಿನ್ ಕಂಡುಹಿಡಿದರು. ಮೂವತ್ತು ವರ್ಷ ಬಿಟ್ಟು, 2004ರಲ್ಲಿ, ಕೆನ್ಯಾದಲ್ಲಿ ಹೆಚ್ಚುಕಡಿಮೆ ಇದೇ ಕಥೆ, ಮತ್ತೆ ಗೋವಿನಜೋಳವೇ. 317 ಜನರಿಗೆ ಕಾಯಿಲೆ, 125 ಸಾವು.

ನಮ್ಮ ಕಡೆಯದ್ದೇ ಬೇಕಾ? 1995ರಲ್ಲಿ ಕರ್ನಾಟಕ, ಆಂಧ್ರದ ಕೆಲವು ಹಳ್ಳಿಗಳಲ್ಲಿ ಮಳೆಗೆ ಸಿಕ್ಕ ಜೋಳ, ಗೋವಿನಜೋಳ ತಿಂದವರಿಗೆ ಹೊಟ್ಟೆನೋವು, ಹೊಟ್ಟೆ ಗುಡುಗುಡು, ಭೇದಿ. ಅದು ಬೇರೆ ಬೂಷ್ಟು, ಫ್ಯುಸೇರಿಯಂ. ವಿಷದ ಹೆಸರು ಫ್ಯುಮೊನಿಸಿನ್. ಆ ಧಾನ್ಯ ತಿನ್ನುವುದು ಬಿಟ್ಟವರು ಚೇತರಿಸಿಕೊಂಡರು.

ನಿಮ್ಮ ಅಜ್ಜನ ಹಗೇವಿನ ಬಗ್ಗೆ ನನಗೆ ಗೌರವವೇ ಇದೆ. ಒಣ ನೆಲದಲ್ಲಿ ಆಳದ ಗುಂಡಿ, ಸುತ್ತ ಕಣಿಕೆ, ಹುಲ್ಲು, ಮೇಲೆ ಮಣ್ಣು ಮೆತ್ತಿ ಗಾಳಿಯಾಡದಂತೆ ಮುಚ್ಚುವುದು. ಒಳಗೆ ಕಾಳು, ಹುಳ ಎಲ್ಲ ಉಸಿರಾಡಿ ಆಮ್ಲಜನಕ ಮುಗಿಸುತ್ತವೆ, ಹುಳ ಅಲ್ಲೇ ಸಾಯುತ್ತವೆ, ಬೂಷ್ಟಿಗೂ ಉಸಿರು ಸಿಗಲ್ಲ. ಈಗ ಹೊಸದಾಗಿ ಮಾರುವ ಗಾಳಿಯಾಡದ ಪದರದ ಚೀಲಗಳ ತತ್ವವೂ ಇದೇ. ಹಗೇವು ತೆಗೆದ ತಕ್ಷಣ ಒಳಗೆ ಇಳಿಯಬಾರದು, ದೀಪ ಬಿಟ್ಟು ನೋಡಬೇಕು ಅನ್ನುತ್ತಿದ್ದರಲ್ಲ, ಅದೂ ಇದಕ್ಕೇ. ಆದರೆ ಒಂದು ನೆನಪು ಮಾಡಿಕೊಳ್ಳಿ. ಗೋಡೆ ಪಕ್ಕದ, ಬಾಯಿ ಹತ್ತಿರದ ಕೆಟ್ಟ ಜೋಳವನ್ನು ಅಜ್ಜ ಬೇರೆ ತೆಗೆದಿಡುತ್ತಿದ್ದರಾ ಇಲ್ಲವಾ?

ಮತ್ತೆ, ಜಾಸ್ತಿ ತಿಂದು ವಾರದಲ್ಲಿ ಸಾಯುವುದು ಅಪರೂಪ. ಸ್ವಲ್ಪ ಸ್ವಲ್ಪ ವರ್ಷಗಟ್ಟಲೆ ತಿನ್ನುವುದೇ ಜಾಸ್ತಿ. ಅಫ್ಲಾಟಾಕ್ಸಿನ್ ಮನುಷ್ಯರಲ್ಲಿ ಲಿವರ್ ಕ್ಯಾನ್ಸರ್ ತರುತ್ತೆ ಅನ್ನುವುದರಲ್ಲಿ ಈಗ ಅನುಮಾನ ಉಳಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಇದನ್ನು ಮೊದಲನೇ ಗುಂಪಿಗೆ ಸೇರಿಸಿದೆ, ತಂಬಾಕು ಇರುವ ಗುಂಪಿಗೇ. ಹೆಪಟೈಟಿಸ್ ಬಿ ಇರುವವರಿಗೆ ಅಪಾಯ ಸುಮಾರು 30 ಪಟ್ಟು ಜಾಸ್ತಿ. ಹಳ್ಳಿಯಲ್ಲಿ ಯಾರೋ 50ಕ್ಕೆ ಕಾಮಾಲೆಯಾಗಿ ಹೋದರೆ ಹಗೇವಿನ ಜೋಳದ ಹೆಸರು ಯಾರು ಬರೆಯುತ್ತಾರೆ?

ಹಗೇವು, ಪಿಂಪ್ರಿ

ಹೌದು, ಅಂಚಿನ ಜೋಳ ಬೇರೆ ತೆಗೆಯುತ್ತಿದ್ದರು. ಕರಿ ಜೋಳ ಅಂತಿದ್ದರು. ದನಕ್ಕೆ ಹಾಕುತ್ತಿದ್ದರು ಅಂತ ಬರೆಯಲು ಹೋದೆ, ಮೇಲಿನದ್ದು ಓದಿ ಸುಮ್ಮನಾದೆ.

ನೀಲಿ ದೀಪ, ಹಡಪಸರ್

ನಾನು ಆನ್‌ಲೈನಲ್ಲಿ 400 ರೂಪಾಯಿಗೆ ಯುವಿ ಟಾರ್ಚ್ ತರಿಸಿದ್ದೇನೆ. ಅಫ್ಲಾಟಾಕ್ಸಿನ್ ಹೊಳೆಯುತ್ತೆ ಅಂತ ವಿಡಿಯೊ ನೋಡಿ. ಮಾಲದಂಡಿಯವರು ಬೇಕಾದರೆ ತೆಗೆದುಕೊಂಡು ಹೋಗಬಹುದು. ನಮ್ಮ ಮನೆಯಲ್ಲಿ ಹೊಳೆದದ್ದು ಅಳಿಯನ ಬಿಳಿ ಶರ್ಟ್ ಮಾತ್ರ.

ತೇವಾಂಶ, ವಾಶಿ

ಹ್ಹ ಹ್ಹ. ಶರ್ಟ್ ಹೊಳೆಯುವುದು ಸೋಪಿನ ಪುಡಿಯಿಂದ. ಲ್ಯಾಬಿನಲ್ಲಿ ಬೇರ್ಪಡಿಸಿದ ಶುದ್ಧ ವಿಷ ಯುವಿ ಬೆಳಕಿನಲ್ಲಿ ಹೊಳೆಯುವುದು ನಿಜ. ಬಿ ಅಂದರೆ ನೀಲಿ, ಜಿ ಅಂದರೆ ಹಸಿರು, ಬಿ1 ಜಿ1 ಅನ್ನುವ ಹೆಸರು ಬಂದದ್ದೇ ಹಾಗೆ. ಆದರೆ ಕಾಳಿನ ಮೇಲೆ ಕಾಣುವ ಹಳದಿ ಹಸಿರು ಹೊಳಪು ವಿಷದ್ದಲ್ಲ, ಅದೇ ಬೂಷ್ಟು ಮಾಡುವ ಇನ್ನೊಂದು ವಸ್ತುವಿನದ್ದು. ಹೊಳೆಯದ ಕಾಳಿನಲ್ಲಿ ವಿಷ ಇರಬಹುದು, ಹೊಳೆದದ್ದರಲ್ಲಿ ಇಲ್ಲದಿರಬಹುದು. ಟಾರ್ಚ್ ಅನ್ನು ನೋಟು ನೋಡಲು ಇಟ್ಟುಕೊಳ್ಳಿ.

ವಾಸ್ಕೊ ಬಂದರು

ಗೋವಾದಿಂದ ಒಂದು ಮಾತು. ಇಲ್ಲಿ ಮಳೆಗಾಲಕ್ಕೆ ಮೊದಲು ಪುರುಮೆಂತ ಅಂತ ಮಾಡುತ್ತಾರೆ, ನಾಲ್ಕು ತಿಂಗಳಿಗೆ ಬೇಕಾದ ಅಕ್ಕಿ, ಮೆಣಸಿನಕಾಯಿ, ಹುಣಸೆ, ಒಣಮೀನು ಎಲ್ಲ ಮೇ ತಿಂಗಳಲ್ಲಿ ಕೊಂಡು ತುಂಬಿಡುವುದು. ಮಡಗಾಂವಿನಲ್ಲಿ ಅದರದ್ದೇ ಜಾತ್ರೆ ಆಗುತ್ತೆ. ನಾನೂ ಧಾರವಾಡದಿಂದ ಬಂದ ಹೊಸದರಲ್ಲಿ ಉತ್ಸಾಹದಿಂದ 5 ಕೆಜಿ ಬ್ಯಾಡಗಿ ಮೆಣಸಿನಕಾಯಿ ತುಂಬಿಟ್ಟೆ. ಆಗಸ್ಟಿನಲ್ಲಿ ತೆಗೆದರೆ ಹೊರಗಿನಿಂದ ಕೆಂಪಗೆ ಚೆಂದ, ಮುರಿದರೆ ಒಳಗೆ ಬೀಜದ ಸುತ್ತ ಬೂದಿ ಬಣ್ಣದ ಬೂಷ್ಟು. ಪಕ್ಕದ ಮನೆಯ ಗೋವಾದ ಅಜ್ಜಿ ನೋಡಿ ನಕ್ಕಳು. ಅವರು ತುಂಬುವ ಮೊದಲು ಒಂದೊಂದನ್ನೂ ಬಿಸಿಲಲ್ಲಿ ಮುರಿದರೆ ಪಟ್ ಅನ್ನುವವರೆಗೆ ಒಣಗಿಸುತ್ತಾರೆ, ನಾನು ಅಂಗಡಿಯಿಂದ ತಂದ ಹಾಗೇ ತುಂಬಿದ್ದೆ. ಅಂದಿನಿಂದ ಖಾರದಪುಡಿಗೆ ಮೆಣಸಿನಕಾಯಿ ಕೊಡುವ ಮೊದಲು ಹತ್ತನ್ನಾದರೂ ಸೀಳಿ ನೋಡುತ್ತೇನೆ.

ನನ್ನ ಪ್ರಶ್ನೆ, ಏಪ್ರಿಲ್‌ನಲ್ಲಿ ಖಡಕ್ ಒಣಗಿದ್ದ ಜೋಳಕ್ಕೆ ನೀರು ಎಲ್ಲಿಂದ ಬಂತು? ಗೋಡೆ ಒಂದೇ ಕಾರಣವಾ?

ತೇವಾಂಶ, ವಾಶಿ

ಒಳ್ಳೆಯ ಪ್ರಶ್ನೆ, ಇದರಲ್ಲೇ ಎಲ್ಲ ಇದೆ.

ಮಾಲದಂಡಿ ಹಿಂಗಾರಿ ಜೋಳ. ಫೆಬ್ರವರಿ, ಮಾರ್ಚ್‌ನಲ್ಲಿ ಕೊಯ್ಲು. ವಿಜಯಪುರದ ಆ ಬಿಸಿಲಿನಲ್ಲಿ ಹೊಲದಲ್ಲೇ ಒಣಗುತ್ತೆ. ಮುಂಗಾರಿ ಹೈಬ್ರಿಡ್ ಜೋಳಕ್ಕೆ ಕೊಯ್ಲಿನಲ್ಲೇ ಮಳೆ ಹೊಡೆದು ತೆನೆ ಮೇಲೆಯೇ ಕಪ್ಪಾಗುತ್ತೆ, ಮಾಲದಂಡಿಗೆ ಆ ಕಾಟ ಇಲ್ಲ. ಹಾಗಾಗಿ ಅವ್ವ ಕಳಿಸಿದ ಜೋಳ ಒಳ್ಳೆಯದೇ ಇತ್ತು. ಕೆಟ್ಟದ್ದು ಡೊಂಬಿವಲಿಯಲ್ಲಿ.

ಕಾಳು ಗಾಳಿಯಿಂದ ನೀರು ಕುಡಿಯುತ್ತೆ. ಊರಿಂದ ಹೊರಡುವಾಗ ಅದರಲ್ಲಿ ನೂರಕ್ಕೆ 10-11 ಪಾಲು ನೀರು ಇದ್ದಿರಬಹುದು. ಗಾಳಿಯ ತೇವ ನೂರಕ್ಕೆ 70 ಇದ್ದರೆ ಕಾಳು ನಿಧಾನವಾಗಿ 13-14ಕ್ಕೆ ಬಂದು ನಿಲ್ಲುತ್ತೆ. ಅಲ್ಲಿಯವರೆಗೆ ಬೂಷ್ಟಿಗೆ ಕೆಲಸ ಇಲ್ಲ. ಜುಲೈನಲ್ಲಿ ಮುಂಬಯಿಯ ಗಾಳಿ 85 ದಾಟುತ್ತೆ, ಆಗ ಕಾಳು 17-18ರ ಕಡೆ ಏರುತ್ತೆ. ಮಳೆಗಾಲದಲ್ಲಿ ನಮ್ಮ ಮನೆಗಳ ಶಾಖ 27-30 ಡಿಗ್ರಿ, ಈ ಬೂಷ್ಟು ವಿಷ ಮಾಡಲು ಬೇಕಾದ್ದೂ ಅಷ್ಟೇ. ಅದಕ್ಕೆ ಬೇರೆ ಹಬ್ಬ ಬೇಡ.

ಮೇಲೆ ನುಸಿ. ಅವು ಕಾಳು ಕೊರೆಯುತ್ತವೆ, ಉಸಿರು ಬಿಡುತ್ತವೆ, ಉಸಿರಿನಲ್ಲಿ ನೀರು, ಶಾಖ ಎರಡೂ ಬರುತ್ತವೆ. ಕೊರೆದ ತೂತಿನಿಂದ ಬೂಷ್ಟು ಒಳಗೆ ಹೋಗುತ್ತೆ. ಬೂಷ್ಟೂ ಉಸಿರು ಬಿಟ್ಟು ಇನ್ನಷ್ಟು ನೀರು, ಇನ್ನಷ್ಟು ಶಾಖ. ಉಂಡೆಯ ಒಳಗೆ ಬೆಚ್ಚಗಿತ್ತು ಅಂದಿರಲ್ಲ, ಅದು ಇದೇ. ತಣ್ಣನೆ ಗೋಡೆಗೆ ಒತ್ತಿದ ಬದಿಯಲ್ಲಿ ಆ ಹಬೆ ಇಬ್ಬನಿಯಾಗಿ ಇಳಿದು ಮೂಲೆ ಗಟ್ಟಿಯಾಯಿತು. ಗೋಡೆ ಒಂದೇ ಅಲ್ಲ, ಆದರೆ ಗೋಡೆಯಿಂದಲೇ ಶುರು.

ಮನೆಯಲ್ಲೇ ನೋಡುವ ಒಂದು ಉಪಾಯ. ಚೆನ್ನಾಗಿ ಒಣಗಿದ ಗಾಜಿನ ಬಾಟಲಿಯಲ್ಲಿ ಕಾಲು ಭಾಗ ಕಾಳು, ಒಂದೆರಡು ಚಮಚ ಒಣ ಪುಡಿಉಪ್ಪು ಹಾಕಿ ಮುಚ್ಚಳ ಮುಚ್ಚಿ ಒಂದು ನಿಮಿಷ ಕುಲುಕಿ, ಹತ್ತು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ಕಾಳಿನಲ್ಲಿ 15ಕ್ಕಿಂತ ಜಾಸ್ತಿ ನೀರಿದೆ. ಅಂಟದೆ ಕೆಳಗೆ ಉದುರಿದರೆ 15ಕ್ಕಿಂತ ಕಡಿಮೆ ಇದೆ.

ಕೊಥ್ರೂಡ್ ಅತ್ತಿಗೆ

ಉಪ್ಪಿನದ್ದು ಇವತ್ತೇ ಮಾಡಿ ನೋಡುತ್ತೇನೆ. ನಮ್ಮತ್ತೆ ಕಾಳನ್ನು ಹಲ್ಲಿನಲ್ಲಿ ಕಡಿದು ನೋಡುತ್ತಿದ್ದರು, ಕಟ್ ಅನ್ನಬೇಕು, ಮೆತ್ತಗೆ ಹತ್ತಿದರೆ ಮತ್ತೆ ಮಾಳಿಗೆಗೆ.

ನಾನು ಪುಣೆಗೆ ಬಂದು 31 ವರ್ಷ. ಇಲ್ಲಿಯವರು ಏಪ್ರಿಲ್, ಮೇನಲ್ಲಿ ವರ್ಷದ ಧಾನ್ಯ ತುಂಬುತ್ತಾರೆ, ನಾನೂ ಕಲಿತೆ. ಎರಡು ದಿನ ಟೆರೇಸಿನಲ್ಲಿ ಬಿಸಿಲು. ಆದರೆ ಬಿಸಿಲಿಂದ ತಂದ ಬಿಸಿ ಕಾಳನ್ನು ಹಾಗೇ ಕೋಠಿಗೆ (ಧಾನ್ಯ ತುಂಬುವ ದೊಡ್ಡ ಡಬ್ಬಿಗೆ) ಸುರಿಯಬೇಡಿ. ಮೊದಲ ವರ್ಷ ನಾನು ಅದೇ ಮಾಡಿದ್ದೆ. ಮುಚ್ಚಳದ ಒಳಗೆ ಬೆವರಿ ಮೇಲಿನ ಒಂದು ಪದರ ಪೂರ್ತಿ ಹೋಯಿತು. ರಾತ್ರಿಯಿಡೀ ಮನೆಯೊಳಗೆ ಹರಡಿ ಆರಿಸಿ, ಬೆಳಿಗ್ಗೆ ತುಂಬಿ. ಕೋಠಿ ಕೆಳಗೆ ಹಲಗೆ ಇರಲಿ, ಗೋಡೆಗೆ ಒಂದು ಗೇಣು ದೂರ ಇರಲಿ. ಬೇವಿನ ಎಲೆ ಹಾಕುವವರು ಒಣಗಿದ ಎಲೆ ಹಾಕಿ. ಹಸಿ ಎಲೆ ಹಾಕಿದರೆ ನಾವೇ ನೀರು ಕೊಟ್ಟ ಹಾಗೆ. ಕೈ ಒದ್ದೆ ಇದ್ದಾಗ ಕಾಳು ತೆಗೆಯಬೇಡಿ. ಹರಳೆಣ್ಣೆ ಸವರುವುದು ಬೇಳೆಗೆ ಒಳ್ಳೆಯದು, ಆದರೆ ಅದು ಹುಳಕ್ಕೆ, ಬೂಷ್ಟಿಗಲ್ಲ.

ಇನ್ನೊಂದು, ಕಿರಾಣಿ ಅಂಗಡಿಯಲ್ಲಿ ಪಾರದ ಗುಳಿಗೆ ಅಂತ ಕೊಡುತ್ತಾರೆ, ಗೋದಿಯಲ್ಲಿ ಹಾಕಿಡಲು. ನಾನೂ ವರ್ಷಗಟ್ಟಲೆ ಹಾಕಿದ್ದೆ. ಪಾರ ಅಂದರೆ ಪಾದರಸ ಅಂತ ಮಗಳು ಹೇಳಿದ ದಿನ ಎಲ್ಲ ತೆಗೆದೆ.

ಈಗ ಇಬ್ಬರೇ ಇದ್ದೇವೆ, ವರ್ಷದ್ದು ತುಂಬುವುದೇ ಬಿಟ್ಟೆ. ಮಳೆಗಾಲದಲ್ಲಿ ತಿಂಗಳಿಗೆ ಬೇಕಾದಷ್ಟೇ. ವರ್ಷದ್ದು ತುಂಬುವುದು ಮನೆ ತುಂಬ ಜನ, ಮಾಳಿಗೆ ತುಂಬ ಬಿಸಿಲು ಇದ್ದಾಗಿನ ಪದ್ಧತಿ.

ತೇವಾಂಶ, ವಾಶಿ

ಅತ್ತಿಗೆ ಹೇಳಿದ ಮೇಲೆ ಇಡುವ ವಿಷಯದಲ್ಲಿ ನನ್ನದೇನೂ ಇಲ್ಲ. ಶೇಂಗಾ ಬಗ್ಗೆ ಮಾತ್ರ ಸೇರಿಸುತ್ತೇನೆ, ಯಾಕೆಂದರೆ ನಮ್ಮ ಉತ್ತರ ಕರ್ನಾಟಕದ ಮನೆಗಳಲ್ಲಿ ಜೋಳಕ್ಕಿಂತ ಅದರ ಚಿಂತೆ ನನಗೆ ಜಾಸ್ತಿ. ಶೇಂಗಾ ಚಟ್ನಿ ಇಲ್ಲದ ಊಟ ಇಲ್ಲ ನಮಗೆ, ಅಲ್ವಾ? ಶೇಂಗಾಕ್ಕೆ ಈ ಬೂಷ್ಟು ನೆಲದೊಳಗೆ ಇದ್ದಾಗಲೇ ಹತ್ತುತ್ತೆ. ಕಾಯಿ ಬಲಿಯುವ ಹೊತ್ತಿಗೆ ಬರ ಬಂದರೆ ಇನ್ನೂ ಜಾಸ್ತಿ. ಎಣ್ಣೆಕಾಳು ಆದ್ದರಿಂದ ನೂರಕ್ಕೆ 8-9 ಪಾಲು ನೀರು ದಾಟಿದರೇ ಅಪಾಯ, ಜೋಳದ ಹಾಗೆ 13 ಅಲ್ಲ. ಸುಕ್ಕಾದ, ಬಣ್ಣಗೆಟ್ಟ, ಮೊಳಕೆ ಒಡೆದ, ಸಿಪ್ಪೆ ಒಳಗೆ ಕಪ್ಪು ಹತ್ತಿದ ಕಾಳು ಹುರಿಯುವ ಮೊದಲೇ ಆರಿಸಿ ತೆಗೆಯಿರಿ, ಹುರಿದ ಮೇಲೆ ಬಣ್ಣ ತಿಳಿಯುವುದಿಲ್ಲ. ತಿನ್ನುವಾಗ ಕಹಿ ಕಾಳು ಬಾಯಿಗೆ ಬಂದರೆ ನುಂಗಬೇಡಿ, ನಾಚಿಕೆ ಬಿಟ್ಟು ಉಗುಳಿ. ಆರಿಸುವುದೊಂದರಿಂದಲೇ ವಿಷ ಬಹಳ ಕಡಿಮೆಯಾಗುತ್ತೆ, ಅದು ಕೆಲವೇ ಕಾಳುಗಳಲ್ಲಿ ಕೂತಿರುತ್ತೆ ಅಂದೆನಲ್ಲ.

ಗಾಣದ ಎಣ್ಣೆ ಹುಚ್ಚು ಈಗ ಪುಣೆ, ಮುಂಬಯಿಯಲ್ಲಿ ಜೋರಾಗಿದೆ. ಎಣ್ಣೆ ರುಚಿ ಒಳ್ಳೆಯದೇ. ಆದರೆ ರಿಫೈನ್ ಮಾಡುವಾಗ ಅಫ್ಲಾಟಾಕ್ಸಿನ್ ಹೋಗಿಬಿಡುತ್ತೆ, ಗಾಣದ ಎಣ್ಣೆಯಲ್ಲಿ ಆ ಹಂತ ಇಲ್ಲ. ಹಾಗಾಗಿ ಎಂಥ ಶೇಂಗಾ ಹಾಕುತ್ತಾರೆ ಅಂತ ಗಾಣದವರ ಹತ್ತಿರ ನಿಂತು ನೋಡಿ.

ಮಾಲದಂಡಿಯವರೇ, ಎಸೆಯುವಾಗ ಮಾಸ್ಕ್ ಹಾಕಿ, ಮನೆಯೊಳಗೆ ಸುರಿದು ಕೊಡವಬೇಡಿ. ಆ ಪುಡಿ ಉಸಿರಿಗೆ ಒಳ್ಳೆಯದಲ್ಲ, ಅಸ್ತಮಾ ಇರುವವರಿಗಂತೂ ಬೇಡವೇ ಬೇಡ. ಎರಡು ಚೀಲದೊಳಗೆ ಕಟ್ಟಿ. ಒಳ್ಳೆಯ ಜೋಳ ಅಂತ ಯಾರೂ ಎತ್ತಿಕೊಂಡು ಹೋಗದ ಹಾಗೆ ಎಸೆಯಿರಿ.

ಮಾಲದಂಡಿ, ಡೊಂಬಿವಲಿ

ಎಲ್ಲರಿಗೂ ಥ್ಯಾಂಕ್ಸ್. ಉಪ್ಪಿನ ಪರೀಕ್ಷೆ ಮಾಡಿದೆ. ಮೂಲೆಯ ಜೋಳ ಬಿಡಿ, ಮೇಲಿನ ಚೆನ್ನಾಗಿ ಕಾಣುತ್ತಿದ್ದ ಜೋಳಕ್ಕೂ ಉಪ್ಪು ಬಾಟಲಿ ತುಂಬ ಹತ್ತಿಕೊಂಡಿತು. ಅತ್ತೆಯವರನ್ನು ಕರೆದು ತೋರಿಸಿದೆ. ಟರ್ಕಿ ಕೋಳಿ, ನಾಯಿ, ಎಮ್ಮೆ ಎಲ್ಲ ಹೇಳಿದ್ದಕ್ಕೆ ಒಪ್ಪದವರು ಬಾಟಲಿ ನೋಡಿ ಒಪ್ಪಿದರು.

ನಾಲ್ಕು ಸಲ ಮೆಟ್ಟಿಲು ಇಳಿದೆ. ಮೂರನೇ ಸಲ ವಾಚ್‌ಮನ್ ಚೀಲ ಒತ್ತಿ ನೋಡಿ, ಜ್ವಾರಿ ಅಲ್ವಾ ಸಾಹೇಬ್, ನನಗೆ ಕೊಡಿ, ತೊಳೆದು ತಿನ್ನುತ್ತೇವೆ ಅಂದ. ಒಂದು ವಾರದ ಹಿಂದೆ ಆಗಿದ್ದರೆ ಖುಷಿಯಿಂದ ಕೊಟ್ಟು ಪುಣ್ಯ ಬಂತು ಅಂದುಕೊಳ್ಳುತ್ತಿದ್ದೆ. ಉಂಡೆ ಬಿಡಿಸಿ ತೋರಿಸಿದೆ, ಗೊತ್ತಿದ್ದ ಅರ್ಧಂಬರ್ಧ ಮರಾಠಿಯಲ್ಲಿ ಬುರ್ಶಿ, ಲಿವರ್ ಅಂತೆಲ್ಲ ಹೇಳಿದೆ. ಅವನಿಗೆ ನಂಬಿಕೆ ಬಂದ ಹಾಗೆ ಕಾಣಲಿಲ್ಲ, ಕೊಡಲು ಮನಸ್ಸಿಲ್ಲದೆ ನೆಪ ಹೇಳುತ್ತಿದ್ದಾನೆ ಅಂದುಕೊಂಡಿರಬೇಕು. ಸಂಜೆ ಅಂಗಡಿಯಿಂದ ಐದು ಕೆಜಿ ಜೋಳ ತಂದು ಕೊಟ್ಟೆ. ಎಸೆದ ಜೋಳದ ಮೇಲೆ ಹಳೇ ಫಿನೈಲ್ ಸುರಿದೆ.

ಅವ್ವನಿಗೆ ಫೋನಿನಲ್ಲಿ ಹೇಳಲೇ ಬೇಡವೇ ಅಂತ ಎರಡು ದಿನ ಯೋಚಿಸಿದೆ. ಹೇಳಿದೆ. ಬೇಜಾರು ಮಾಡಿಕೊಳ್ಳಲಿಲ್ಲ, ಇನ್ನೊಂದು ಚೀಲ ಕಳಿಸುತ್ತೇನೆ ಅಂದಳು. ಬೇಡ, ಈಗ ಹತ್ತೇ ಕೆಜಿ ಸಾಕು, ಉಳಿದದ್ದು ದೀಪಾವಳಿ ಆದ ಮೇಲೆ ನಾನೇ ಬಂದು ತರುತ್ತೇನೆ ಅಂದೆ. ಹತ್ತು ಕೆಜಿ ಗಂಟು ಬಸ್ಸಿಗೆ ಹಾಕಿದರೆ ಡ್ರೈವರ್ ಏನು ಅಂದುಕೊಳ್ಳುತ್ತಾನೆ ಅನ್ನುವುದು ಈಗ ಅವಳ ಚಿಂತೆ.